ಕಿವಿ ಎಂದರೆ ಕಲ್ಲು

ಎಸ್ಟೋನಿಯಾದ ಮೂಡಣದಲ್ಲೊಂದು ಗಣಿಯೂರು, ಕಿವಿಓಲಿ.
ಅವರ ಮಾತಿನಲ್ಲಿ ಕಿವಿ ಎಂದರೆ ಕಲ್ಲು, ಓಲಿ ಎಂದರೆ ಎಣ್ಣೆ;
ಕಲ್ಲು ಕಾಯಿಸಿ ಎಣ್ಣೆ ಇಳಿಸುವ ಊರು.
ನನಗೋ, ಏನು ಮಾಡಲಿ,
ಕಿವಿಗೆ ಎಣ್ಣೆ ಬಿಟ್ಟು ಹತ್ತಿ ತುರುಕಿದ ಹಾಗೆಯೇ
ಕೇಳುತ್ತದೆ ಆ ಹೆಸರು.

ಊರಿನ ಬೆನ್ನಿಗೆ ಬೂದಿಗುಡ್ಡ.
ಸುಟ್ಟು ಮಿಕ್ಕದ್ದನ್ನು ತಲೆಮಾರುಗಟ್ಟಲೆ ಸುರಿದು ಸುರಿದು
ಈಗ ಅದಕ್ಕೂ ನೆತ್ತಿ, ಇಳಿಜಾರು, ಮೇಲೊಂದಿಷ್ಟು ಹಿಮ.
ಮಕ್ಕಳು ಜಾರುತ್ತಾರೆ.
ಜಾರಿದವರನ್ನು ಮತ್ತೆ ಮೇಲಕ್ಕೆಳೆವ ಹಗ್ಗದ ಮೋಟರಿಗೆ
ಕಾವಲು ಕೌಪೊ.
ಗಿಟಾರು ಅವನದು, ಅರಚುವ ಗಂಟಲೂ.
ಡ್ರಮ್ಮು ರದಿಯೋನನದು, ಕಾರ್ಖಾನೆಯ ವೆಲ್ಡರು.
ಇವನಿಗೆ ರಷ್ಯನ್ ಅರ್ಧ, ಅವನಿಗೆ ಎಸ್ಟೋನಿಯನ್ ಕಾಲು.
ಒಂದರಿಂದ ನಾಲ್ಕಕ್ಕೆ ಮಾತ್ರ
ಇಬ್ಬರಿಗೂ ಒಂದೇ ಭಾಷೆ,
ಅದನ್ನೂ ಕೋಲು ಕೋಲಿಗೆ ಬಡಿದೇ ಆಡುವುದು.

ಬ್ಯಾಂಡಿನ ಹೆಸರು ಆಹೆರೈನೆ:
ಗಣಿಯವರು ಬೇಡವೆಂದು ಬದಿಗೆ ಬಿಸುಟ ಕಲ್ಲು.

ಐದಂತಸ್ತಿನ ಹಳೆಯ ಕಟ್ಟಡ, ಅದರ ನೆಲಮಾಳಿಗೆ.
ಆಲೂಗಡ್ಡೆ ಪೆಟ್ಟಿಗೆ, ಸೌತೆಯ ಉಪ್ಪಿನಕಾಯಿ ಜಾಡಿ, ನಡುವೆ ಒಂದು ಮೈಕು.
ಗೋಡೆಗೂ ಕಿವಿಯಿದೆ ಎನ್ನುತ್ತೇವಲ್ಲ,
ಅಲ್ಲಿ ಗೋಡೆ ಪೂರಾ ಕಿವಿ.
ಮೂರು ರಾತ್ರಿ, ಏಳು ಹಾಡು.
ಸೈತಾನನ ಹೆಸರು ಎಲ್ಲೂ ಇಲ್ಲ;
ಅವನೂ ಒಮ್ಮೆ ಬಂದು, ಕೆಲಸ ಸಿಗದೆ,
ಬೆಳಗಿನ ಬಸ್ಸಿಗೆ ಹೊರಟುಹೋದ ಊರಿದು.
ಹಾಡುಗಳಲ್ಲಿರುವುದು ನೀರು:
ಪಂಪು ನಿಲ್ಲಿಸಿದ ದಿನದಿಂದ
ಮುಚ್ಚಿದ ಗಣಿಗಳಲ್ಲಿ ಏರುತ್ತಿರುವ ನೀರು,
ಅದರ ಮೇಲೆ ಶಾಲೆ, ಅಂಗಡಿ, ಮಂಚ, ನಿದ್ದೆ.
ಇಷ್ಟನ್ನು ಅವನು ಹೇಳುವುದು
ಸುತ್ತಿಗೆಗೆ ಸಿಕ್ಕ ತಗಡಿನ ದನಿಯಲ್ಲಿ.
ಪದ ಹಿಡಿಯಲು ಹೋದರೆ ಕೈಗೆ ಬರುವುದು ಉಸಿರು.

ಮುಖಚಿತ್ರಕ್ಕೆಂದು ಗುಡ್ಡದ ಬೂದಿಯನ್ನು
ಅಮ್ಮನ ಕೈ ಕ್ರೀಮಿನಲ್ಲಿ ಕಲಸಿ ಬಳಿದುಕೊಂಡ ಕೌಪೊ.
ವಾರವಿಡೀ ತುರಿಕೆ.
ಲೈಬ್ರರಿಯ ಮುದಿ ಜೆರಾಕ್ಸು ಆ ಪಟವನ್ನು
ಮುಖ, ಗುಡ್ಡ, ಆಕಾಶ ಬೇರೆ ಮಾಡದೆ
ಕರ್ರಗೆ ಉಗುಳಿತು.
ಚೆನ್ನಾಗಿದೆ, ಅಂದ ರದಿಯೋನ, ಅವನ ಕಾಲು ಭಾಷೆಯಲ್ಲಿ.
ಕ್ಯಾಸೆಟ್ಟು ಒಟ್ಟು ಅರವತ್ತು.
ಹತ್ತೊಂಬತ್ತು ಇನ್ನೂ ಬೂಟಿನ ಡಬ್ಬಿಯಲ್ಲಿವೆ.

ನಾಲ್ಕನೆಯ ಹಾಡಿನ ನಡುವೆ,
ಗಿಟಾರು ಸುಸ್ತಾಗಿ ತೆಳುವಾದ ಕಡೆ,
ಕೆಳಗಿನಿಂದಲೋ ಮೇಲಿನಿಂದಲೋ ಒಂದು ಗುಡುಗು
ಸುತ್ತುತ್ತ, ಸುತ್ತುತ್ತ ಬಿರುಸಾಗಿ,
ಲೋಹ ಹಲ್ಲು ಕಡಿದಂತೆ ನಡುಗಿ ನಿಲ್ಲುತ್ತದೆ.
ಚಿಲಿಯ ತುತ್ತತುದಿಯಿಂದ ಒಬ್ಬ ಕಾಗದ ಬರೆದ:
ಅದು ಯಾವ ವಾದ್ಯ?
ನಮ್ಮಲ್ಲಿ ಸಮುದ್ರ ಹಡಗನ್ನು ನುಂಗುವಾಗ ಹೀಗೇ ಕೇಳುತ್ತದೆ.

ಕೌಪೊ ಅದನ್ನು ಅಮ್ಮನಿಗೆ ಓದಿ ಹೇಳಿದ.
ಹೆಲ್ವೆ, ಆಸ್ಪತ್ರೆಯ ಬಟ್ಟೆ ಒಗೆದು ನಿವೃತ್ತಳಾದವಳು,
ಚಮಚ ಕೆಳಗಿಟ್ಟಳು.
ಆ ರಾತ್ರಿ ಅವನು ಕೊಳವೆ ಬಡಿದು ಕೂಗಿದ್ದ: ನಿಲ್ಲಿಸು!
ಇವಳೂ ಅದೇ ಕೊಳವೆಯಲ್ಲಿ ಕೂಗಿದ್ದಳು:
ನಾಳೆಗೆ ಬಟ್ಟೆ ಒಣಗಬೇಡವೇನೋ?
ಉಳಿದದ್ದು ಒಂದೇ ಟೇಪು. ಹಾಗೇ ಬಿಟ್ಟರು.

ಆ ವಾಷಿಂಗ್ ಮಷೀನು ಈಗಿಲ್ಲ.
ಕಳೆದ ವರ್ಷ ನಾಲ್ವರು ಹೊತ್ತು ಇಳಿಸಿ
ಗುಜರಿಗೆ ಹಾಕಿದರು. ಹೊಸತು ಬಂದಿದೆ,
ಸದ್ದೇ ಮಾಡುವುದಿಲ್ಲ; ನಡೆಯುತ್ತಿದೆಯೋ ಇಲ್ಲವೋ ಎಂದು
ಅವಳು ಆಗಾಗ ಅಂಗೈ ಇಟ್ಟು ನೋಡುತ್ತಾಳೆ.

ಹಾಕು ನೋಡೋಣ, ಅಂದಳು.
ಮೊದಲ ಮೂರು ಹಾಡು ಆಲೂಗಡ್ಡೆ ಹೆರೆಯುತ್ತ ಸಹಿಸಿದಳು,
ಮಗನ ಗಂಟಲಿಗೆ ಜೇನು ಬೇಕೆಂದಳು.
ನಾಲ್ಕನೆಯದರಲ್ಲಿ ಚಾಕು ನಿಂತಿತು.
ಈಗ ನೀರು ಬಿಡುತ್ತೆ, ಅಂದಳು. ಬಿಟ್ಟಿತು.
ಈಗ ಎಡಗಾಲು ಕುಣಿಯುತ್ತೆ, ಅದಕ್ಕೊಂದು ರಟ್ಟು ಕೊಟ್ಟಿದ್ದೆ.
ಕುಣಿಯಿತು.
ಗಡಗಡ ಏರಿ, ತಡೆದು, ತಟ್ಟನೆ ನಿಂತದ್ದೇ
ಹೆಲ್ವೆ ಎದ್ದಳು,
ಬಾಗಿಲ ಹಿಂದಿನ ಬುಟ್ಟಿ ಸೊಂಟಕ್ಕಿಟ್ಟು
ಬಚ್ಚಲಿನ ಕಡೆ ಎರಡು ಹೆಜ್ಜೆ.

ಅಷ್ಟರಲ್ಲಿ ರದಿಯೋನ ನಾಲ್ಕು ಎಣಿಸಿದ.