ಗ್ಲಾಸು ಒರೆಸುವವಳ ಲೆಕ್ಕ

ಗ್ಲಾಸ್ಗೋದ ಗೋವನ್‌ನಲ್ಲಿ ಹನ್ನೊಂದು ಮೆಟ್ಟಿಲಿಳಿದರೆ
ಬಿಯರು, ಒದ್ದೆ ಕೋಟು, ಹಳೇ ಕಾರ್ಪೆಟ್ಟಿನ ನಾತ.
ಗುರುವಾರ ಗುರುವಾರ ಇಲ್ಲಿ ನಗು ಮಾರಾಟ.
ನಾನು ಇಷ್‌ಬೆಲ್. ಗಲ್ಲಾದ ಹಿಂದೆ ನಿಂತು
ಹದಿನಾಲ್ಕು ವರ್ಷದಿಂದ ಗ್ಲಾಸು ಒರೆಸುತ್ತಿದ್ದೇನೆ.
ನನಗೆ ಕಾಣುವುದು ಕೂತವರ ಬೆನ್ನು, ಹೆಗಲು.
ಬಾಯಿ ಸುಳ್ಳಾಡೀತು. ಹೆಗಲಿಗೆ ಆ ವಿದ್ಯೆ ಬಾರದು.

ಆ ದಿನ ಲಾಕ್ಲನ್ ಬಂದ. ಇಪ್ಪತ್ತಾರರ ಹುಡುಗ,
ಮೈಕಿನ ತಂತಿಯನ್ನು ಮುಂಗೈಗೆ ಸುತ್ತಿಕೊಂಡು
ಬಾಯಿ ತೆರೆದನೆಂದರೆ ಚರಂಡಿಯ ಕಲ್ಲೆತ್ತಿದ ಹಾಗೆ:
ಸೊಂಟದ ಕೆಳಗಿನದೆಲ್ಲ ಒಂದೊಂದಾಗಿ ಹೊರಗೆ,
ಪಾದ್ರಿ, ಹೆಣ, ಅತ್ತೆ, ಕುರಿ,
ಕೊನೆಗೆ ತೊಟ್ಟಿಲನ್ನೂ ಬಿಡಲಿಲ್ಲ.
ಜನ ಹೋ ಎಂದರು.
ಕತ್ತಲಲ್ಲಿ ಕಾಲಿಗೆ ಏನೋ ತಣ್ಣಗೆ ತಾಕಿದರೆ
ಹೋ ಅನ್ನುತ್ತೇವಲ್ಲ, ಆ ಹೋ.
ಹೆಗಲು ಕಿವಿಯ ತನಕ ಏರಿ ಅಲ್ಲೇ ನಿಂತವು.
ಒಬ್ಬ, ಪಕ್ಕದವಳು ನಕ್ಕಳೇ ಎಂದು ನೋಡಿ ನಕ್ಕ.
ಅವಳು, ಅವನು ನೋಡಿದ್ದನ್ನು ನೋಡಿ.
ಯಾರೂ ಹೆರದ ನಗುವೊಂದು
ಮೇಜಿಂದ ಮೇಜಿಗೆ ಎತ್ತಿಕೊಳ್ಳುವವರಿಲ್ಲದೆ ಅಲೆಯಿತು.
ನನ್ನ ವ್ಯಾಪಾರ ಮಾತ್ರ ಜೋರು:
ಮುಖ ಎಲ್ಲಿಡಬೇಕೆಂದು ತಿಳಿಯದವರು
ಗ್ಲಾಸಿನೊಳಗೆ ಇಡುತ್ತಾರೆ.

ನಾನೇನು ಮಡಿವಂತಳಲ್ಲ, ಮೊದಲೇ ಹೇಳಿಬಿಡುತ್ತೇನೆ.
ನಮ್ಮಜ್ಜಿ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ
ಆಲೂಗಡ್ಡೆ ಸುಲಿಯುತ್ತ ಆಡುತ್ತಿದ್ದ ಮಾತಿಗೆ
ದಿನವಿಡೀ ಕಬ್ಬಿಣ ಬಡಿದ ಗಂಡಸರು
ಕಿವಿ ಕೆಂಪಾಗಿ, ಸೂಪು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಲಾಕ್ಲನ್ನನಿಗೆ ಮುಂದಿನ ಸಾಲಿನಲ್ಲಿ ಸಿಕ್ಕಿದ್ದು ಸೆಂಗಾ.
ಎಪ್ಪತ್ತೊಂದು. ಮಡಿಲಲ್ಲಿ ನೀಲಿ ಚೀಲ, ಒಂಟಿ ಕುರ್ಚಿ.
"ಏನಮ್ಮಾ, ಕೊನೆಯ ಸಲ ಯಾವಾಗ?"
ಕೋಣೆ ಉಸಿರು ಹಿಡಿಯಿತು.
ಅವಳು ಚೀಲದ ಜಿಪ್ಪು ತೆಗೆದಳು. ಮುಚ್ಚಿದಳು.
"ಕೊನೆಯ ಸಲವಾ? ಮಾರ್ಚಿನಲ್ಲಿ, ಆಸ್ಪತ್ರೆಯಲ್ಲಿ.
ನನ್ನ ಟ್ಯಾಮ್‌ಗೆ ಉಚ್ಚೆಯ ನಳಿಗೆ ಹಾಕಲು ಬಂದ ನರ್ಸು
ಹೊದಿಕೆ ಎತ್ತಿ ನೋಡಿದಳು, ಇಳಿಸಿದಳು,
ಜೇಬಿಂದ ಕನ್ನಡಕ ತೆಗೆದು ಹಾಕಿಕೊಂಡು
ಮತ್ತೆ ಎತ್ತಿದಳು.
ಟ್ಯಾಮ್ ನನ್ನ ಕಡೆ ತಿರುಗಿದ:
'ನಲವತ್ತಾರು ವರ್ಷ, ಸೆಂಗಾ,
ನೀನು ಒಂದು ದಿನವೂ ಕನ್ನಡಕ ಹಾಕಲಿಲ್ಲವಲ್ಲೇ?'
'ನಾನೇನು ನೋಡಿ ನೋಡಿ ಮಾಡುತ್ತಿದ್ದೆನೇನೋ ಹುಚ್ಚಪ್ಪಾ,
ಎಲ್ಲ ನೆನಪಿನ ಮೇಲೆ' ಅಂದೆ.
ನಕ್ಕ. ನಳಿಗೆ ಕಿತ್ತು ಬರುವಷ್ಟು ನಕ್ಕ.
ನರ್ಸು ಇಬ್ಬರಿಗೂ ಬೈದಳು.
ಮಂಗಳವಾರ ಹೋದ."

ಗಳಿಗೆ ಹೊತ್ತು ಫ್ರಿಜ್ಜಿನ ಗುಂಯ್ ಮಾತ್ರ.
ಆಮೇಲೆ ಹೆಗಲುಗಳು, ಕಿವಿಯ ತನಕ ಏರಿದ್ದವು,
ದಡಕ್ಕನೆ ಬಿದ್ದವು, ಕುಲುಕಿದವು.
ಹಿಂದಿನ ಮೇಜಿನ ದಡಿಯನೊಬ್ಬ
ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.
ಸೆಂಗಾ ತಾನೂ ನಗುತ್ತ ಚೀಲದಲ್ಲಿ ಏನೋ ತಡಕುತ್ತಿದ್ದಳು.
ಐದು ನಿಮಿಷ ಯಾರೂ ಕುಡಿಯಲಿಲ್ಲ.
ನಾನು ಪೀಪಾಯಿಯ ಕೋಣೆಗೆ ಹೋಗಿ
ಒರೆಸುವ ಬಟ್ಟೆಯಲ್ಲಿ ಮುಖ ಇಟ್ಟೆ. ಬಟ್ಟೆ ವಾಸನೆ ಹೊಡೆಯುತ್ತಿತ್ತು.

ಮುಂದಿನ ಗುರುವಾರ ಲಾಕ್ಲನ್ ಅದನ್ನೇ ಹೇಳಿದ.
ಅದೇ ನರ್ಸು, ಅದೇ ಹೊದಿಕೆ.
ಜೇಬಿಂದ ನಿಜವಾದ ಕನ್ನಡಕವನ್ನೇ ತೆಗೆದ,
ತೆಗೆಯುವ ಮೊದಲು ಎಷ್ಟು ತಡೆಯಬೇಕೋ ಅಷ್ಟೇ ತಡೆದ,
ಸೆಂಗಾಳಿಗಿಂತ ಸೊಗಸಾಗಿ.
ಟ್ಯಾಮ್‌ನನ್ನು ತನ್ನ ಅಜ್ಜ ಮಾಡಿಕೊಂಡಿದ್ದ.
ಮೂವರು ಹೋ ಎಂದರು.
ನಾನು ಎಂಟು ಪೈಂಟು ಮಾರಿದೆ.

ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಕ್ಕೆ ಒರಗಿ ಕೇಳಿದ:
"ಎಲ್ಲಿ ತಪ್ಪಿತು, ಇಷ್‌ಬೆಲ್? ಒಂದು ಪದವನ್ನೂ ಬಿಟ್ಟಿಲ್ಲ."
ಅದು ನನಗೆ ತಿಳಿದಿದ್ದರೆ
ನಾನೇಕೆ ಇಲ್ಲಿ ಗ್ಲಾಸು ಒರೆಸುತ್ತಿದ್ದೆ?
"ಮಂಗಳವಾರ ಬಿಟ್ಟೆ" ಅಂದೆ.

ಯೋಚಿಸಿದ. ತಲೆಯಾಡಿಸಿದ.
ಪೆನ್ನು ಇಸಿದುಕೊಂಡು
ಅಂಗೈ ಮೇಲೆ ಬರೆದುಕೊಂಡ: ಮಂಗಳವಾರ.