ರಜದ ಲೆಕ್ಕ

ಬೆಳಗಿನ ನಾಲ್ಕೂವರೆಗೆ ಫೋನು ಶುರು.
ಹ್ಯಾಲಿಫ್ಯಾಕ್ಸಿನ ಬಸ್ ಡಿಪೋ, ಹೀಟರು ಕೆಟ್ಟ ಕೋಣೆ,
ಹುಷಾರಿಲ್ಲದವರ ದನಿ ಕೇಳುವುದು ನನ್ನ ಕೆಲಸ.
ಫೋನಿನಲ್ಲಿ ಎಲ್ಲರೂ ಒಂದಿಷ್ಟು ಹೆಚ್ಚೇ ಕೆಮ್ಮುತ್ತಾರೆ,
ನಿಜವಾಗಿ ಜ್ವರ ಬಂದವರೂ.

ಚಾಲಕರು ನೂರಾ ಹನ್ನೊಂದು. ಅದರಲ್ಲಿ ಹೆಂಗಸರು ನಾಲ್ವರು.
ಕ್ಲಿಫ್‌ಗೆ ಬೆನ್ನು: ಅರವತ್ತು ದಿನ, ಒಂದೇ ಕಂತು.
ಗ್ರೇಮ್‌ಗೆ ಪ್ರತಿ ನವೆಂಬರಿನಲ್ಲೂ ಫ್ಲೂ.
ಹೆಂಡತಿ ಹೋದದ್ದೂ ನವೆಂಬರಿನಲ್ಲೇ,
ಫಾರಮಿನಲ್ಲಿ ಅದಕ್ಕೊಂದು ಚೌಕವಿಲ್ಲ.
ಡೋರೀನ್‌ಗೆ ಹನ್ನೆರಡು ವರ್ಷದಿಂದ ಏನೂ ಇಲ್ಲ.

ಏನೂ ಇಲ್ಲ ಅಂದರೆ,
ಒಮ್ಮೆ ಅವಳ ಸೀಟಿನ ಮೇಲೆ
ಕಸದ ಕಪ್ಪು ಚೀಲ ಹಾಸಿದ್ದು ಕಂಡೆ.
"ಮಳೆಗೆ ನೆಂದಿದೆ" ಅಂದಳು.
ಆ ವಾರ ಮಳೆಯೇ ಬಂದಿರಲಿಲ್ಲ,
ಈ ಊರಲ್ಲಿ ಅದು ಪೇಪರಿಗೆ ಹಾಕುವ ಸುದ್ದಿ.

ಪಕ್ಕದೂರಿನ ಹೆಸರು ಹೊತ್ತ ಸೂತ್ರವೊಂದಿದೆ ನಮ್ಮಲ್ಲಿ:
ಎಷ್ಟು ಸಲ ತಪ್ಪಿಸಿಕೊಂಡಿರಿ, ಅದರ ವರ್ಗ,
ಗುಣಿಸು ಒಟ್ಟು ದಿನಗಳಿಂದ.
ಕ್ಲಿಫ್‌ನ ಬೆನ್ನಿಗೆ ಅರವತ್ತು ಅಂಕ.
ತಿಂಗಳಿಗೊಂದೇ ದಿನ, ವರ್ಷಕ್ಕೆ ಹನ್ನೆರಡು,
ಹೊಟ್ಟೆ ಹಿಡಿದು ಮಲಗಿದವಳಿಗೆ
ಸಾವಿರದ ಏಳುನೂರಾ ಇಪ್ಪತ್ತೆಂಟು.
ಮೂರು ಸಲ ಗುಣಿಸಿ ನೋಡಿದೆ. ತಪ್ಪಿಲ್ಲ.
ಲೆಕ್ಕಕ್ಕೆ ತಿಂಗಳು ಗೊತ್ತಿಲ್ಲ, ಅಷ್ಟೆ.

ನನ್ನ ಭಾಷೆಗೆ ಗೊತ್ತಿತ್ತು.
ರಜ ಅಂದರೆ ಹೂವಿನ ಧೂಳು,
ರಜ ಅಂದರೆ ಹೆಣ್ಣಿನ ನೆತ್ತರು,
ಕೊನೆಗೊಂದು ದೀರ್ಘ ಕೊಟ್ಟರೆ ರಜಾ,
ಬಾಗಿಲು ಹಾಕಿದ ಸ್ಕೂಲು.
ಚಿಂತಾಮಣಿಯಲ್ಲಿ ದೊಡ್ಡಮ್ಮ ಮೂರು ದಿನ ಹಿತ್ತಿಲ ಕಟ್ಟೆಯಲ್ಲಿ,
ಬೇರೆ ಲೋಟ, ಬೇರೆ ಚಾಪೆ,
"ಮುಟ್ಟಬೇಡ್ವೇ, ದೂರ ಹೋಗು."
ಅದರ ಜೊತೆ ಜಗಳವಾಡಿಯೇ ಬೆಳೆದವಳು ನಾನು,
ಮತ್ತೆ ಬೇಕು ಅನ್ನುವುದಿಲ್ಲ.
ಆದರೂ ಅವಳು ಅಲ್ಲಿ ಕಾಲು ಚಾಚಿ
ಹಾಳೆ ಕಿತ್ತುಹೋದ ಪತ್ತೇದಾರಿ ಕಾದಂಬರಿ ಓದುತ್ತಿದ್ದುದು,
ಯಾರೂ ಅವಳನ್ನು ಒಳಗಿಂದ ಕೂಗದೇ ಇದ್ದುದು
ಈ ಫೋನಿನ ಮುಂದೆ ಯಾಕೋ ನೆನಪಾಗುತ್ತದೆ.

ಹೋದ ಮಾರ್ಚಿನಲ್ಲಿ ಕಂಪನಿಗೆ ಸಮತೋಲನದ ಹುಕಿ ಬಂತು.
ಪೋಸ್ಟರು, ನೇರಳೆ ರಿಬ್ಬನ್ನು, ಕಪ್ ಕೇಕು,
ಹೊಸದಾಗಿ ಮೂವತ್ತೊಂದು ಹೆಂಗಸರು.
ಗ್ಯಾರೇಜಿಗೆ ಶಾಜಿಯಾ, ಸ್ಪ್ಯಾನರು ತಾನೇ ತಂದಳು.
ಹೆಂಗಸರ ಕಕ್ಕಸಿಗೆ ಕೊನೆಗೂ ಚಿಲಕ.

ಡಿಸೆಂಬರಿನಲ್ಲಿ ಆಕ್‌ರಾಯ್ಡ್ ಸಾಹೇಬರು ನಕ್ಷೆ ಹಿಡಿದು ಬಂದರು.
"ಕಾಯಿಲೆ ರಜೆ ಏರಿದೆ.
ನಾನೇನೂ ಹೇಳುತ್ತಿಲ್ಲ" ಅಂದರು,
ಏನನ್ನೋ ಹೇಳುವವರ ಹಾಗೆ.

ಹೆಸರಿನ ಪಟ್ಟಿ ತೆಗೆದು ಅವರ ಮುಂದಿಟ್ಟೆ.
ಏರಿಸಿದವರು ಹೊಸಬರಲ್ಲ, ಬಹುಪಾಲು ಹಳಬರೇ.
ಡೋರೀನ್, ಎರಡು ದಿನ. ಕಾರಣ: ಮುಟ್ಟು.
ಒತ್ತಿ ಬರೆದ ರಭಸಕ್ಕೆ ಕಾಗದ ಹರಿದಿದೆ.
ಅದರ ಮುಂದಿನ ವಾರ ಡಂಕನ್:
ಮಗುವಿಗೆ ಸೀತಾಳ ಸಿಡುಬು, ಹೆಂಡತಿಗೆ ರಾತ್ರಿ ಪಾಳಿ.
ಹನ್ನೆರಡು ವರ್ಷದ ಕಡತದಲ್ಲಿ
ಗಂಡಸೊಬ್ಬ ಮಗುವೆಂದು ಬರೆದದ್ದು ಇದೇ ಮೊದಲು.
ಗ್ರೇಮ್, ನವೆಂಬರ್, ಮೊದಲು ಫ್ಲೂ ಎಂದು ಬರೆದು
ಗೀಟು ಹಾಕಿ, ಪಕ್ಕದಲ್ಲಿ ಸಣ್ಣಗೆ:
ಜೋನ್.

"ಇದನ್ನು ಯಾವ ಕೋಡಿಗೆ ಹಾಕಲಿ?" ಎಂದು ಕೇಳಿದೆ.
ಸಾಹೇಬರು ಕನ್ನಡಕ ತೆಗೆದರು, ಒರೆಸಿದರು,
ಒರೆಸುತ್ತಲೇ ಇದ್ದರು.
"ಇತರೆ" ಅಂದರು.

ಇವತ್ತು ನನಗೇ ಮೂವತ್ತೊಂಬತ್ತು,
ನಮ್ಮ ಕಡೆಯ ಲೆಕ್ಕದಲ್ಲಿ ನೂರಾ ಎರಡು.
ಫೋನೆತ್ತುವವಳೇ ಮಲಗಿದರೆ ಹೇಳುವುದು ಯಾರಿಗೆ?
ಖಾಲಿ ಕೋಣೆಯಲ್ಲಿ ಅದು ಹೊಡೆದುಕೊಳ್ಳುವುದನ್ನು
ಹೊದ್ದಿಕೆಯೊಳಗಿಂದ ಕೇಳಿಸಿಕೊಂಡೆ.
ಒಂದು ಸಲ ಕೆಮ್ಮಿಯೂ ನೋಡಿದೆ, ಅಭ್ಯಾಸಕ್ಕೆ.

ಯಾರೋ ಎತ್ತಿದರು. ಡೋರೀನ್.
ಹಿಂದೆ ಬಸ್ಸುಗಳ ಗುರುಗುರು.
"ಮಲಗು ನೀನು, ಕಾರಣ ನಾನು ಬರ್ಕೊತೀನಿ" ಅಂದಳು,
ಕೇಳದೆಯೇ.
ಏನು ಬರೆದಳೋ.