ಎಡಗಾಲಲ್ಲಿ ಜೇಬು

ಕೌಲ್ ಬಜಾರಿನ ಹಿಂದಿನ ಬಯಲು, ಭಾನುವಾರ ಸಂಜೆ.
ರೇಡಿಗೆ ಹೋದ ಗಾದಿಲಿಂಗ ಹೊರಳಿ ಬಂದು
ಕೈ ಚಾಚಿ ಗೆರೆ ಮುಟ್ಟಿದ. ಪಾಯಿಂಟು ಬಂತು.
ಬಲಪಾದ ಒಳಕ್ಕೆ ಮಗುಚಿತ್ತು.

"ಎಳೀರಲೇ ಒಂದ್ಸಲ."
"ಬಿಸಿನೀರು ಹಾಕ್ರಿ."
"ಎಣ್ಣಿ ಹಚ್ಚಿ ತಿಕ್ಕು, ಹೋಗ್ತೈತೆ."
ಕಾಲು ಉಳುಕಿದವನಿಗೆ ನಮ್ಮ ಬಳ್ಳಾರಿಯಲ್ಲಿ
ಡಾಕ್ಟರುಗಳ ಕೊರತೆಯೇ?

ಹಿಮ್ಮಡಿ ನನ್ನ ತೊಡೆ ಮೇಲಿಟ್ಟುಕೊಂಡೆ.
ಬರಲಿ, ಯಾರು ಎಳೀತಾರೋ ನೋಡೋಣ.

ಮೊದಲು ಎಲುಬು. ಹರಡಿನ ಹಿಂದೆ ಒತ್ತಿದೆ, ಸುಮ್ಮನಿದ್ದ.
ಒಂದು ಬೆರಳು ಮುಂದೆ, ಮೆತ್ತಗಿರುವಲ್ಲಿ, ಅರಚಿದ.
"ಒಳ್ಳೇದಾತು" ಅಂದೆ.
ನನ್ನ ವಂಶವನ್ನೆಲ್ಲ ಬೈದ.

ಶೇಕ್ಷಾವಲಿ ಸೋಡಾ ಗಾಡಿಯ ಐಸು
ಗೋಣಿಯಲ್ಲಿ ಕುಟ್ಟಿ ತಂದ.
ಬರಿ ಚರ್ಮಕ್ಕೆ ಬ್ಯಾಡ, ಟವೆಲ್ ಸುತ್ತು;
ಒಂದು ಹಾಫ್ ಆಡುವಷ್ಟು ಹೊತ್ತು, ಅಷ್ಟೇ.
ಅತ್ತ ಆರೇ ಜನ ಆಟ ಮುಂದುವರಿಸಿದರು,
ಇತ್ತ ನೀರು ತೊಟ್ಟಿಕ್ಕಿ
ನನ್ನ ಲುಂಗಿಯೆಲ್ಲ ಕೆಸರು.

ಬ್ಯಾಂಡೇಜು? ಕಟಿಂಗ್ ಟೇಬಲಿನಲ್ಲಿ ಉಳಿದ
ಸ್ಟ್ರೆಚ್ ಡೆನಿಮ್ ಪಟ್ಟಿ ಜೇಬಲ್ಲೇ ಇತ್ತು.
ಬೆರಳ ಬುಡದಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು.
ಪ್ಯಾಂಟಿನ ಸೊಂಟ ಹಿಡಿದಷ್ಟು ಬಿಗಿ:
ಜಾರಬಾರದು,
ಉಂಡ ಮೇಲೆ ಶಾಪ ಹಾಕಬಾರದು.
ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ.
ಬೆಳ್ಳಗಾಯಿತು. ಕಾದೆ.
ಕೆಂಪು ಹೊಳ್ಳಿ ಬಂತು.

ಶೆಡ್ಡಿಗೆ ಹೊತ್ತು ತಂದು ಮಲಗಿಸಿ
ಕಾಲಡಿ ಮೂರು ಡಜನ್ ಪ್ಯಾಂಟಿನ ಗಂಟು,
ಎದೆಗಿಂತ ಎತ್ತರ.
ಸೂರು ನೋಡುತ್ತ ಕೇಳಿದ:
"ನಾಳೆ?"

ಬಲಗಾಲು. ಪೆಡಲ್ ಒತ್ತುವ ಕಾಲು.
ಪೀಸಿಗಿಷ್ಟು ಅಂತ ದುಡ್ಡು; ಬುಧವಾರ ಲೋಡು.

ನನಗಾಗ ಇಪ್ಪತ್ತೆರಡು. ಎಳೆದರು, ತಿಕ್ಕಿದರು,
ಮರುದಿನವೇ ಮಷಿನ್ನಿಗೆ ಕೂತೆ.
ಅದಕ್ಕೇ ಈಗ ಕತ್ತರಿ ಹಿಡಿದು ನಿಂತಿದ್ದೀನಿ,
ಭಾರವೆಲ್ಲ ಎಡಕ್ಕೆ ಹಾಕಿ.
ಇದನ್ನು ಅವನಿಗೆ ಹೇಳಲಿಲ್ಲ.
"ಮೂರು ದಿನ ಊರಬ್ಯಾಡ" ಅಂದೆ.
"ಆಮೇಲೂ ಊರಾಕೆ ಬರದಿದ್ರೆ ದವಾಖಾನಿ, ಫೋಟೋ."

ಹರಡು ಹಿಡಿದು ಕೆಡವಿದ್ದ ಎರ್ರಿಸ್ವಾಮಿ
ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಾರದೆ.
"ಇವನ ಸೈಡು ನಾ ಹೊಡೀತೀನಿ.
ಜೇಬು ಮಾತ್ರ ನಂಗ ಬರಾದಿಲ್ಲ."

ರಾತ್ರಿ ಹನ್ನೊಂದು. ಇನ್ನೊಮ್ಮೆ ಐಸು.
ಗಾದಿಲಿಂಗನ ಮಷಿನ್ನಿಗೆ ಕೂತಿದ್ದೀನಿ,
ಎಷ್ಟೋ ವರ್ಷಕ್ಕೆ.
ಪೆಡಲು ಎಡಗಾಲಿಗೆ ಒಗ್ಗುತ್ತಿಲ್ಲ.
ಮೊದಲ ಜೇಬು ಸೊಟ್ಟ.
ಬಿಚ್ಚುತ್ತಿದ್ದೀನಿ.